ಉರಿಗಾಂನ ಉಪ್ಪಿಲ್ಲದ ಗೊಜ್ಜು

ಬೆಳಗಿನ ರೈಲಿಗೆ ಬೆಂಗಳೂರು ಬಿಟ್ಟು ಬಂಗಾರಪೇಟೆಯಲ್ಲಿ ಇಳಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಊಟ ತಿಂಡಿಯ ಬಗ್ಗೆ ಪತ್ರಿಕೆಗೆ ಬರೆಯುತ್ತಲೇ ಮೂವತ್ತು ವರ್ಷ ಕಳೆದವನು ನಾನು. ಆ ಬರಹಗಳ ಪುಸ್ತಕವೊಂದು ಅಚ್ಚಿಗೆ ಹೊರಟಿತ್ತು. ಅದರಲ್ಲಿ ಜನ ಹೆಚ್ಚು ಮೆಚ್ಚಿದ್ದು ಚಿನ್ನದ ಗಣಿಯ ಊರಾದ ಉರಿಗಾಂನ ನಾರಾಯಣಮ್ಮನವರ ಬದನೆಕಾಯಿ ಗೊಜ್ಜಿನ ಬರಹ. ಅಚ್ಚಾಗುವ ಮೊದಲು ಅವರಿಗೊಮ್ಮೆ ಓದಿ ಹೇಳಬೇಕೆನಿಸಿತು. ಸ್ಟೇಷನ್ನಿನ ಹೊರಗೆ ಎರಡು ಇಡ್ಲಿ ತಿಂದು, ಹತ್ತು ರೂಪಾಯಿ ಟಿಕೆಟ್ಟು ಕೊಂಡು ಮಾರಿಕುಪ್ಪದ ಗಾಡಿ ಹತ್ತಿದೆ. ಅರ್ಧ ಗಂಟೆಯ ದಾರಿ. ಗಣಿಯ ಬೂದು ಮಣ್ಣಿನ ದಿಬ್ಬಗಳು ಕಂಡಾಗ ಉರಿಗಾಂನಲ್ಲಿ ಇಳಿಯಲೆಂದು ಎದ್ದು ಬಾಗಿಲಿಗೆ ಬಂದೆ.

ಎಂಟು ವರ್ಷದ ಹಿಂದೆ, ಗಣಿ ಕಾರ್ಮಿಕರ ಸಾಲಿನಲ್ಲಿದ್ದ ಅವರ ಲೈನು ಮನೆಗೆ ಹೋಗಿದ್ದ ದಿನ ಅವರ ಗಂಡನ ತಿಥಿ. ಗಣಿಯೊಳಗೆ ಬಂಡೆ ಕುಸಿದು ತೀರಿಕೊಂಡವರು. ಎಡೆಗಿಟ್ಟ ಗೊಜ್ಜನ್ನೇ ನನಗೂ ಬಡಿಸಿದ್ದರು. ಉಪ್ಪಿರಲಿಲ್ಲ. ಯಾಕೆಂದು ಕೇಳಿದರೆ, "ಅವ್ರಿಗೆ ಬುತ್ತಿ ಇಂಗೇ ಕಳ್ಸಿದ್ದು" ಎಂದಷ್ಟೇ ಹೇಳಿದ್ದರು. ಮಿಕ್ಕಿದ್ದನ್ನು ನಾನೇ ಹೆಣೆದೆ: ನೆಲದಾಳದಲ್ಲಿ ಗಂಡಸರಿಗೆ ಬಾಯಾರಬಾರದೆಂದು ಗಣಿಯ ಹೆಂಗಸರು ಉಪ್ಪು ಬಿಡುತ್ತಿದ್ದರು, ಎಂಥ ಜಾಣತನ, ಎಂದು.

"ವಾಂಗ ಸಾ, ಉಪ್ಪಿಲ್ದಿರೋ ಮನೆಗೆ ಬನ್ನಿ!" ಈ ಸಲ ಬಾಗಿಲಲ್ಲೇ ನಾರಾಯಣಮ್ಮನವರ ಸೊಸೆ ಸೆಲ್ವಿ ನಗುತ್ತ ಕರೆದಳು. "ನೀವ್ ಬರ್ದಿದ್ದು ಓದ್ಕಂಡು ಕಾರಲ್ಲಿ ಬತ್ತಾರೆ ಜನ. ನಮ್ಮೆಜಮಾನ್ರು ನೋಡಿ, ಫ್ರೇಮ್ ಆಕ್ಸಿ ನೇತಾಕವ್ರೆ."

ಗೋಡೆಯ ಮೇಲೆ ಅವಳ ಮಾವನ ಫೋಟೋ ಪಕ್ಕದಲ್ಲೇ ನನ್ನ ಬರಹವಿತ್ತು. ಮಗ ಕೆಲಸಕ್ಕೆ ಹೋಗಿದ್ದ. ಸೆಲ್ವಿ ಹಾಲು ತರಲು ಹೊರಟ ಮೇಲೆ, ಒಳಗೆ ಕೂತಿದ್ದ ನಾರಾಯಣಮ್ಮನವರಿಗೆ ನಾನು ಓದತೊಡಗಿದೆ.

"ಸಾಕು, ನಿಲ್ಸಪ್ಪ," ಎಂದರು ನಾರಾಯಣಮ್ಮ. "ಬೆವರು ಸುರ್ಸೋರ್ಗೆ ಉಪ್ಪು ಜಾಸ್ತೀನೇ ಬೇಕು. ಅಡ್ಗೆ ಬರಿಯೋನ್ಗೆ ಅಷ್ಟೂ ಗೊತ್ತಿಲ್ವಾ?"

"ಮತ್ತೆ ಯಾಕಮ್ಮ..."

"ಮರ್ತೋದೆ ಕಣಪ್ಪ. ಅವತ್ತು ಗಣಿ ಸೈರನ್ ಕೂಗ್ಬುಡ್ತು, ಅವಸ್ರಕ್ಕೆ ಬಾಕ್ಸು ಮುಚ್ಚಿ ಕೊಟ್ಟೆ. ಅವ್ರು ಒಂಟೋದ್ಮೇಲೆ ಬಾಯ್ಗಿಟ್ರೆ ಸಪ್ಪೆ. ಸಾಯಂಕಾಲ ಬೈಸ್ಕಂಡ್ರಾಯ್ತು ಅಂದ್ಕಂಡೆ. ಸಾಯಂಕಾಲ ಬರ್ನೇ ಇಲ್ಲ."

ಕೈಯಲ್ಲಿದ್ದ ಹಾಳೆಗಳನ್ನು ಮಡಚಿ ಪಕ್ಕಕ್ಕಿಟ್ಟೆ.

"ಮಗನಿಗೆ ಗೊತ್ತಾ?"

"ಯಾರ್ಗೂ ಯೋಳಿಲ್ಲ. ಕಡೇ ಊಟಾನ ಸಪ್ಪೆ ಕಳ್ಸಿದೆ ಅಂತ ಎಂಗೆ ಯೋಳ್ಲಿ? ಬಂದೋರೆಲ್ಲ ಆ ಗೋಡೆ ನೋಡಿ ಜಾಣೆ ಅಂತಾರೆ. ಚುಚ್ತದೆ."

"ಪುಸ್ತಕದಿಂದ ತೆಗೆದುಬಿಡ್ತೀನಮ್ಮ."

"ತೆಗೀಬ್ಯಾಡ. ತಿದ್ದು. ಮಗ ಓದ್ಕಳ್ಲಿ. ನನ್ ಬಾಯಲ್ಲಿ ಅದು ಬರಾಕಿಲ್ಲ."

ಸೆಲ್ವಿ ಕೊಟ್ಟ ಕಾಫಿ ಕುಡಿದು, ಮಧ್ಯಾಹ್ನದ ಗಾಡಿಗೆಂದು ಹೊರಟೆ. ಲೈನಿನ ಕೊನೆಯ ಮನೆ ದಾಟುವಷ್ಟರಲ್ಲಿ ಹಿಂದಿನಿಂದ ನಾರಾಯಣಮ್ಮನವರ ಕೂಗು ಕೇಳಿಸಿತು.

"ಅಪ್ಪಾ, ಇನ್ನೊಂದ್ ಸೇರ್ಸು! ಬಾಕ್ಸು ವಾಪಸ್ ಬಂದಾಗ ಅರ್ಧ ಖಾಲಿಯಾಗಿತ್ತು. ತಿಂದಿದ್ರು."

ತಿರುಗಿ ನೋಡಿದೆ. ನಾನು ಪೆನ್ನು ತೆಗೆದು ಅಷ್ಟನ್ನೂ ಬರೆದುಕೊಳ್ಳುವವರೆಗೆ ಅವರು ಬಾಗಿಲು ಹಿಡಿದು ಬಿಸಿಲಲ್ಲೇ ನಿಂತಿದ್ದರು.