ಹತ್ತನೆಯವರು ಯಾರು

ಮನೆ ಬದಲಾಯಿಸಲು ಅಮ್ಮಿ ಇವತ್ತು ದೊಡ್ಡ ಕನ್ನಡಿಗೆ ಬೆಡ್‌ಶೀಟ್ ಸುತ್ತಿದರು. ನನಗೆ ಲೀಯಾ ಆಂಟಿಯ ಮನೆ ನೆನಪಾಯಿತು. ಸಾವಾದ ಮನೆಯಲ್ಲಿ ಯಹೂದಿಗಳು ಹೀಗೆಯೇ ಕನ್ನಡಿ ಮುಚ್ಚುತ್ತಾರೆ.

ವಿದೇಶದಲ್ಲಿ, ಯೂನಿವರ್ಸಿಟಿ ಸಿಟಿ ಎಂಬಲ್ಲಿ ನಾವಿದ್ದಾಗ, ಅವರದು ನಮ್ಮ ಪಕ್ಕದ ಅಪಾರ್ಟ್‌ಮೆಂಟ್. ಆಂಟಿ ರಬ್ಬಿ, ಅಂದರೆ ಯಹೂದಿ ಗುರು. ಅವರ ಪ್ರಾರ್ಥನಾಮಂದಿರಕ್ಕೆ ಬಂದ ಮೊದಲ ಹೆಣ್ಣು ಗುರು. ಅವರ ತಂದೆ ತೀರಿಕೊಂಡ ವಾರ, ಒಂದು ಸಂಜೆ, ನಮಾಜ್ ಮುಗಿಸಿದ ಅಬ್ಬಾ ಟೋಪಿಯಲ್ಲೇ ಖರ್ಜೂರದ ಡಬ್ಬಿ ಹಿಡಿದು ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಸತ್ತವರಿಗಾಗಿ ಮಾಡುವ ಪ್ರಾರ್ಥನೆಗೆ ಹತ್ತು ಜನ ಯಹೂದಿಗಳು ಬೇಕು. ಬಂದಿದ್ದ ತಂದೆಯ ಹಳೆಯ ಗೆಳೆಯರು ಗಂಡಸರನ್ನಷ್ಟೇ ಎಣಿಸುವವರು. ಒಂಬತ್ತೇ ಜನರಿದ್ದರು.

ತಮ್ಮ ತಲೆಯ ಮೇಲಿದ್ದಂಥದೇ ಪುಟ್ಟ ಟೋಪಿಯನ್ನು ಅಬ್ಬಾನ ತಲೆಯ ಮೇಲೆ ನೋಡಿದ ಒಬ್ಬ ಅಜ್ಜ, "ಸದ್ಯ, ಹತ್ತಾಯ್ತು! ಶುರು ಮಾಡೋಣ" ಎಂದರು.

"ನಮ್ಮ ಅಬ್ಬಾ ಮುಸ್ಲಿಂ, ಅಂಕಲ್" ಎಂದುಬಿಟ್ಟೆ.

ಆಂಟಿ ಎದ್ದು ನಿಂತರು. "ಹಾಗಾದ್ರೆ ನನ್ನನ್ನ ಎಣಿಸಿ. ಮಗಳು ನಾನು."

"ನಿಮ್ಮಪ್ಪನೇ ಎಣಿಸ್ತಿರಲಿಲ್ವಲ್ಲಮ್ಮ" ಎಂದ ಅಜ್ಜ ಕೋಟು ಎತ್ತಿಕೊಂಡು ಹೊರಟರು. ಇನ್ನೂ ಮೂವರು ಅವರ ಹಿಂದೆಯೇ ಹೋದರು. ಮಂದಿರದಲ್ಲಿ ಎಲ್ಲರಿಗೂ ಪ್ರಾರ್ಥನೆ ಹೇಳಿಸುವ ಆಂಟಿ, ಹತ್ತು ಜನರಿಲ್ಲದೆ, ತಮ್ಮ ತಂದೆಗಾಗಿ ಹಿಡಿದಿದ್ದ ಪುಸ್ತಕವನ್ನು ಮುಚ್ಚಿದರು.

ಹೊರಗೆ ಬಂದ ಮೇಲೆ ಅಬ್ಬಾ, "ಸುಳ್ಳು ಹೇಳು ಅನ್ನಲ್ಲ ಮಗಾ. ಆದ್ರೆ ನಿನ್ನನ್ನ ಯಾರು ಕೇಳಿದ್ರು?" ಎಂದರು.

ನನ್ನ ಬಾಯಿ ಇನ್ನೂ ಹಾಗೇ ಇದೆ. ಟೀಚರ್ ತಪ್ಪನ್ನು ಎಲ್ಲರೆದುರು ಹೇಳಿ ಸ್ಕೂಲ್ ಬಿಡಬೇಕಾಗಿ ಬಂದಿದ್ದೂ ಅದರಿಂದಲೇ. ಅಮ್ಮಿ ಟೇಪ್ ಕೊಡು ಎಂದು ಕೂಗುತ್ತಿದ್ದಾರೆ. ನಾನು ಸುಮ್ಮನಿದ್ದಿದ್ದರೆ ಆ ಸಂಜೆ ಪ್ರಾರ್ಥನೆ ನಡೆದುಹೋಗುತ್ತಿತ್ತು, ಮಗಳನ್ನು ಬಿಟ್ಟು ನಮ್ಮ ಅಬ್ಬಾನನ್ನು ಎಣಿಸಿ. ಎರಡರಲ್ಲಿ ಯಾವುದು ಆಂಟಿಗೆ ಹೆಚ್ಚು ನೋಯುತ್ತಿತ್ತೋ, ಕೇಳುವ ಧೈರ್ಯ ನನಗೆ ಬರಲೇ ಇಲ್ಲ.