ಎಂಟು ಗಂಟೆಯ ಕಾಲ್‌ನಲ್ಲಿ ಶೇಖಣ್ಣ ಇರಲಿಲ್ಲ

ಇಲ್ಲ... ಇದನ್ನು ನಂಬು ಅಂದರೆ ಹೇಗೆ ನಂಬಲಿ.

ನಿನ್ನೆ ಸಂಜೆ ಬಂಕಾಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನೆದುರೇ ನಿಂತು ಚಹಾ ಕುಡಿದ ಮನುಷ್ಯ.
ಇವತ್ತು ಬೆಳಗ್ಗೆ ಏಳಕ್ಕೆ ಅವರ ತಮ್ಮನ ಫೋನು.
"ಅಣ್ಣ ಹೋಗಿಬಿಟ್ಟನ್ರಿ ಅಕ್ಕಾರ..."
ಎಲ್ಲಿಗೆ ಅಂತ ಕೇಳಿದೆ ನಾನು.
"ಎದಿ ಹಿಡಕೊಂಡ ಕುಂತಾಂವ ಏಳಲೇ ಇಲ್ರಿ."

ಫ್ರೆಂಡ್ಸ್, ನಿಮ್ಮಲ್ಲಿ ಬಹಳ ಜನಕ್ಕೆ ಶೇಖಣ್ಣ ಗೊತ್ತಿಲ್ಲ.
ದುಂಡಸಿಯವರು. ಒಂದು ಬೀಜದ ಕಂಪನಿಯಲ್ಲಿ ನಮ್ಮ ಟೀಮ್ ಲೀಡರ್.
ಹಾನಗಲ್ಲಿಗೆ ನಾನು, ಸವಣೂರಿಗೆ ಮೌಲಾ, ಶಿಗ್ಗಾವಿಗೂ ಹಿರೇಕೆರೂರಿಗೂ ಇನ್ನಿಬ್ಬರು. ಈ ನಾಲ್ವರ ಮೇಲೆ ಶೇಖಣ್ಣ.
ರೈತರ ಹೊಲದಲ್ಲಿ ಬೆಂಡೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕ್ರಾಸಿಂಗ್ ಮಾಡಿಸಿ ಬೀಜ ತೆಗೆಸುವುದು ನಮ್ಮ ಕೆಲಸ.

ದಿನಾ ಬೆಳಗ್ಗೆ ಎಂಟಕ್ಕೆ ಮೇಲಿನ ಸಾಹೇಬರ ಕಾನ್ಫರೆನ್ಸ್ ಕಾಲ್.
ಕ್ರಾಸಿಂಗ್ ನಡೆಯುವುದೂ ಅದೇ ಹೊತ್ತಿಗೆ. ಹೂವು ಮಧ್ಯಾಹ್ನದ ತನಕ ಕಾಯುವುದಿಲ್ಲ ಅಂತ ಅವರಿಗೆ ಯಾರು ಹೇಳಬೇಕು...
ಆ ಕಾಲ್‌ಗೆ ಶೇಖಣ್ಣ ಒಬ್ಬರೇ ಕೂರುತ್ತಿದ್ದರು.
"ನೀವು ಹೊಲಕ್ಕ ಹೋಗ್ರಿ. ಅದನ್ನ ನಾ ನೋಡ್ಕೋತೇನಿ."
ಮುಗಿದ ಮೇಲೆ ನಾವು ಕೇಳುತ್ತಿದ್ದೆವು.
"ಸಾಹೇಬ್ರು ಏನಂದ್ರರಿ ಅಣ್ಣಾ?"
"ಏನಿಲ್ಲ. ಚೊಲೋ ನಡದೈತಿ ಅಂದ್ರು. ಬಿಸಲಾಗ ನೀರು ಕುಡಕೋತ ಇರ್ರಿ ಅಂದ್ರು."
ನಲವತ್ತು ನಿಮಿಷದ ಕಾಲ್. ನಮಗೆ ಬರುತ್ತಿದ್ದದ್ದು ಇಷ್ಟೇ.
ಎಂಥ ಒಳ್ಳೆಯ ಸಾಹೇಬರು ಅಂದುಕೊಂಡು ನಾವೂ ನೀರು ಕುಡಿಯುತ್ತಿದ್ದೆವು.

ಮೇಲಕ್ಕೂ ಅದೇ ಕತೆ.
ರಟ್ಟೀಹಳ್ಳಿ ಕಡೆಯ ಒಂದು ಹೊಲದಲ್ಲಿ ಆಳು ಸಿಗದೆ ಅರ್ಧ ಹೂವು ಉದುರಿದಾಗ ಆ ರೈತ ನಮ್ಮ ಜನ್ಮ ಜಾಲಾಡಿದ.
ರಿಪೋರ್ಟಿನಲ್ಲಿ ಶೇಖಣ್ಣ ಬರೆದದ್ದು... "ರೈತರ ಸಹಕಾರ ಚೆನ್ನಾಗಿದೆ."
ಹಿಟ್ಟಿನ ಸಾಣಿಗೆಯ ಹಾಗೆ. ತೌಡೆಲ್ಲ ತಮ್ಮ ಹತ್ತಿರ, ಉಳಿದವರಿಗೆ ಬರೀ ಹಿಟ್ಟು.

ಹೋದ ತಿಂಗಳು ಒಂದು ದಿನ, ಪಂಪ್‌ಸೆಟ್ಟಿನ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಬೇಕು ಅಂತ ಹೇಳಿ ತಮ್ಮ ಬದಲು ನನ್ನನ್ನು ಕಾಲ್‌ಗೆ ಕೂರಿಸಿದರು.
"ಮ್ಯೂಟ್ ಮಾಡ್ಕೊಂಡ ಕುಂದ್ರು ತಂಗಿ. ಏನೂ ಮಾತಾಡಬ್ಯಾಡ."
ಕುಳಿತೆ.
ಹಿಂದಿಯಲ್ಲಿ ಬೈಗುಳವೋ ಬೈಗುಳ. ನಿಮ್ಮ ಟೀಮ್ ದಂಡ... ಐದು ಜನ ಬೇಕಾಗಿಲ್ಲ... ಇಬ್ಬರನ್ನು ತೆಗೆಯಬೇಕು, ಹೆಸರು ಕಳಿಸಿ ಅಂತ ಮೂರು ತಿಂಗಳಿಂದ ಕೇಳುತ್ತಿದ್ದೇನೆ...
ಮೂರು ತಿಂಗಳು. ನಮಗೆ ಒಂದು ಅಕ್ಷರ ಗೊತ್ತಿಲ್ಲ.

ಸಂಜೆ ಫೋನ್ ಮಾಡಿ ಜಗಳ ತೆಗೆದೆ.
"ನಮಗ್ಯಾಕ ಹೇಳಲಿಲ್ರಿ ಅಣ್ಣಾ?"
"ಹೇಳಿದ್ರ ನಾಕೂ ಮಂದಿ ಒಬ್ರ ಮುಖ ಒಬ್ರು ನೋಡ್ಕೋತ ಕುಂದರ್ತಿದ್ರಿ. ನಾ ಸರಿ ಮಾಡ್ತೇನಿ ಬಿಡು. ನೀನೂ ಯಾರಿಗೂ ಹೇಳಬ್ಯಾಡ."
ನಾನೂ ಹೇಳಲಿಲ್ಲ.
ಅವತ್ತು ಅವರು ಹೋದದ್ದು ಪಂಪ್‌ಸೆಟ್ಟಿಗಲ್ಲ, ಹಾರ್ಟ್ ಡಾಕ್ಟರ್ ಹತ್ತಿರ. ಅದನ್ನೂ ಇವತ್ತು ಅವರ ತಮ್ಮನ ಬಾಯಿಂದ ಕೇಳಬೇಕಾಯಿತು.

ಶೇಖಣ್ಣ... ಕೈ ಮುಗಿಯುವ ಮೊದಲು ನಿಮಗೆ ನಾಲ್ಕು ಮಾತು ಬೈಯಬೇಕು ನಾನು.
ಲೀಡರ್ ಅಂದರೆ ಎಲ್ಲವನ್ನೂ ಒಬ್ಬನೇ ನುಂಗಿಕೊಳ್ಳುವವನು ಅಂತ ನಿಮಗೆ ಹೇಳಿದವರು ಯಾರು?
ನಾವೇನು ಬಾಲವಾಡಿ ಮಕ್ಕಳೇ?
ಆ ನಲವತ್ತು ನಿಮಿಷವನ್ನು ಐದು ಪಾಲು ಮಾಡಿದ್ದರೆ ಒಬ್ಬೊಬ್ಬರಿಗೆ ಎಂಟೆಂಟು ನಿಮಿಷ ಬರುತ್ತಿತ್ತು. ತಡೆದುಕೊಳ್ಳುತ್ತಿದ್ದೆವು.
ದಿನಾ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹಾಕುತ್ತಿದ್ದಿರಲ್ಲ... ಅದೇ ಸುಡುಗಾಡು ಗ್ರೂಪಿನಲ್ಲಿ ಎದೆ ನೋಯುತ್ತಿದೆ ಅಂತ ಒಂದು ಸಾಲು ಹಾಕಲಿಕ್ಕೆ ಏನಾಗಿತ್ತು?
ನನಗೆ ಸಿಟ್ಟು ಬರುತ್ತಿದೆ ಅಣ್ಣಾ. ಈ ಸಿಟ್ಟು ನೆಟ್ಟಗೆ ಅಳಲಿಕ್ಕೂ ಬಿಡುತ್ತಿಲ್ಲ.

ಇವತ್ತೂ ಎಂಟಕ್ಕೆ ಕಾಲ್ ಇತ್ತು. ಸುದ್ದಿ ತಿಳಿಸಬೇಕಲ್ಲ ಅಂತ, ದುಂಡಸಿಗೆ ಬರುವ ದಾರಿಯಲ್ಲೇ ನಾವು ನಾಲ್ವರೂ ಕಾಲ್‌ಗೆ ಸೇರಿಕೊಂಡೆವು.
ಸಾಹೇಬರು ಬಹಳ ಕೆಟ್ಟದ್ದಾಯಿತು ಅಂದರು.
ಆಮೇಲೆ ಹೇಳಿದರು...
ಹೋದ ವಾರವೇ ಶೇಖರ್ ಒಂದು ಹೆಸರು ಕಳಿಸಿದ್ದರು, ತಮ್ಮದೇ. ಹಾಗಾಗಿ ಒಂದು ಅಡ್ಜಸ್ಟ್ ಆಯಿತು. ಇನ್ನೊಂದು ಹೆಸರು ಸಂಜೆಯೊಳಗೆ ಬೇಕು.

ನಿಮ್ಮದೇ ಹೆಸರಾ, ಅಣ್ಣಾ?
ನಿನ್ನೆ ಚಹಾ ಕುಡಿಯುವಾಗಲೂ ಬಾಯಿ ಬಿಡಲಿಲ್ಲವಲ್ಲ...

"ಯಾವ ಹೆಸರು? ಏನ್ ಹೇಳಾಕತ್ತಾರ ಇವರು?" ಅಂದ ಮೌಲಾ.
ಸಾಹೇಬರು ಲೈನಿನಲ್ಲಿ ಇರುವಾಗಲೇ ಎಲ್ಲವನ್ನೂ ಹೇಳಿದೆ, ಕನ್ನಡದಲ್ಲಿ. ತಿಂಗಳುಗಟ್ಟಲೆ ನಿಮಗೆ ಅಂದದ್ದು, ನೀವು ನುಂಗಿದ್ದು, ನಾನು ಮುಚ್ಚಿಟ್ಟದ್ದು.
ನಂತರ ಮೌಲಾ ತನ್ನ ಸ್ವಚ್ಛ ಹಿಂದಿಯಲ್ಲಿ ಹೇಳಿದ, ನಾವು ಯಾರ ಹೆಸರನ್ನೂ ಕೊಡುವುದಿಲ್ಲ ಸಾಹೇಬರೇ ಅಂತ.
ಶಿಗ್ಗಾವಿಯವರು ಅದನ್ನೇ ಅಂದರು. ಹಿರೇಕೆರೂರಿನವರೂ ಅಂದರು. ನಾನೂ ಅಂದೆ.
ಸಾಹೇಬರು ಲೈನ್ ಕಟ್ ಮಾಡಿದರು.
ನಾಳೆ ಏನಾಗುತ್ತದೋ ಗೊತ್ತಿಲ್ಲ. ಹೋದರೆ ನಾಲ್ವರ ಕೆಲಸವೂ ಹೋಗಲಿ.

ಈಗಷ್ಟೇ ನಿಮ್ಮ ಮಣ್ಣು ಮುಗಿಸಿ ಬಸ್ಸಿಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ.
ಇವತ್ತು ಅಂದದ್ದನ್ನು ಒಂದು ತಿಂಗಳ ಹಿಂದೆಯೇ ಅನ್ನಬಹುದಿತ್ತು. ನೀವಿದ್ದಾಗ. ನಿಮಗೆ ಕೇಳಿಸುವ ಹಾಗೆ.
ಅದಕ್ಕೆ ನನ್ನನ್ನು ಕ್ಷಮಿಸಿ.

ಹೋಗಿ ಬನ್ನಿ ಶೇಖಣ್ಣ...
ಶಿವನ ಹತ್ತಿರವಾದರೂ ಎಲ್ಲಿ ನೋಯುತ್ತದೆ ಅಂತ ಬಾಯಿ ಬಿಟ್ಟು ಹೇಳಿ.
ನಿಮ್ಮ ಜೀವ ತಣ್ಣಗಿರಲಿ. 🙏