ಮೋರಿಯಲ್ಲಿ ಜಾರಿದ ಕಾಕಾ

ನನ್ನ ಮಗನಿಗೆ ಮಗ ಹುಟ್ಟಿದ ಆ ವರ್ಷ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ವಿಜಾಪುರದ ಕಡೆಯವರು, ಮುಂಬಯಿ ಹತ್ತಿರದ ಕಲ್ಯಾಣದ ಚಾಳಿನಲ್ಲಿ ಒಂದೇ ಕೋಣೆಯ ಸಂಸಾರ. ನಾನು ಕಲಿತದ್ದು ಎರಡನೇ ಇಯತ್ತೆ ಮಾತ್ರ, ಆದರೂ ಇದನ್ನು ಬರೆಯದೆ ಇರಲಾರೆ. ಕೂಸಿಗೆ ಎಣ್ಣೆ ಹಚ್ಚಿ, ಎರೆದು, ಕಾಡಿಗೆ ತೀಡಿ, ಬಟ್ಟೆಯಲ್ಲಿ ಸುತ್ತಿಕೊಂಡು ಕೋಣೆಗಳ ಮುಂದಿನ ಗ್ಯಾಲರಿಯುದ್ದಕ್ಕೂ ಹೊರಡುತ್ತಿದ್ದೆ. ಹಿರಿಯರು ಕಂಡರೆ ಸಾಕು, ಅವರ ತೊಡೆಯ ಮೇಲೆ ಹಾಕುವುದೇ. ನಳದ ಹತ್ತಿರ ನಿಂತ ಹೆಂಗಸರು, "ಬಂತ ನೋಡ್ರೆವ್ವಾ, ರಾಜನ ಸವಾರಿ!" ಎಂದು ನಗುತ್ತಿದ್ದರು.

ಕೊನೆಯ ಕೋಣೆಯಲ್ಲಿ ರಾಯಚೂರ ಕಡೆಯ ಕಾಕಾ ಇದ್ದರು. ಹಮಾಲಿ ಮಾಡಿ ಮಕ್ಕಳನ್ನು ಬೆಳೆಸಿದವರು. ಹೆಂಡತಿ ತೀರಿದ್ದಳು, ಮಗಳನ್ನು ಹತ್ತಿರದ ಬದಲಾಪುರಕ್ಕೆ ಕೊಟ್ಟಿತ್ತು. ಕಾರಖಾನೆಗೆ ಹೋಗುವ ಮಗನ ಜೊತೆ ಇರುತ್ತಿದ್ದರು. ಒಂದು ಬೆಳಿಗ್ಗೆ ಕೂಸನ್ನು ಅವರ ಮುಂದೆ ಹಿಡಿದರೆ, "ಬ್ಯಾಡ ಯವ್ವಾ" ಎಂದು ಹಿಂದೆ ಸರಿದರು.

"ಯಾಕ ಕಾಕಾ, ನನ್ನ ಮೊಮ್ಮಗ ಕರ್ರಗದಾನಂತೇನು?"

"ಛೇ, ಬಂಗಾರದಂಗದಾನ. ಕೈಯಾಗ ಶಕ್ತಿ ಇಲ್ಲ."

ತೋಳು ಸರಿಸಿ ನೋಡಿದೆ. ಮೊಣಕೈ ಉಬ್ಬಿ ನೀಲಿಗಟ್ಟಿತ್ತು. ಮೋರಿಯಲ್ಲಿ ಜಾರಿದೆ ಎಂದರು. ಮೋರಿ ಎಂದರೆ ಕೋಣೆಯ ಮೂಲೆಯ ಬಚ್ಚಲು. ಹಿಂದೆ ಹುಬ್ಬು ಒಡೆದಾಗಲೂ ಮೋರಿಯದೇ ತಪ್ಪಾಗಿತ್ತು. ಅವರ ಮಗನ ಒದರಾಟ ಚಾಳಿಗೆಲ್ಲ ಕೇಳುತ್ತಿತ್ತು. ಹೆಂಗಸು ಅತ್ತರೆ ಹೋಗಿ ಬಾಗಿಲು ಬಡಿಯುತ್ತಿದ್ದೆವು. ಮುದುಕನೊಬ್ಬ ಒಳಗೆ ಪೆಟ್ಟು ತಿನ್ನುತ್ತಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಅಂದು ಕೂಸಿಗೆ ಸೂಜಿ ಹಾಕಿಸುವ ದಿನ. ಕಾಕಾನನ್ನೂ ದವಾಖಾನೆಗೆ ಹೊರಡಿಸಿದೆ. ಅಲ್ಲಿನ ನರ್ಸಬಾಯಿ ಮಂಗಳೂರ ಕಡೆಯವರು. ಬಂದ ಹೆಂಗಸರನ್ನು ಪಕ್ಕಕ್ಕೆ ಕರೆದು "ಮನೆಯಲ್ಲಿ ಹೊಡೀತಾರಾ?" ಎಂದು ಮೆಲ್ಲಗೆ ಕೇಳುವ ರೂಢಿ ಅವರದು. ಕಾಕಾನನ್ನು ಮಾತ್ರ ಏನೂ ಕೇಳದೆ ಪಟ್ಟಿ ಸುತ್ತತೊಡಗಿದರು.

"ಬಾಯಿ, ನಮಗ ಕೇಳೂದು ಇವರಿಗ್ಯಾಕ ಕೇಳಂಗಿಲ್ರಿ?" ಎಂದೆ.

ಅವರ ಕೈ ನಿಂತಿತು. "ಹೌದು ಮಾರಾಯ್ತಿ. ಜಾರಿ ಬಿದ್ದೆ ಅಂತ ಎಷ್ಟು ಅಜ್ಜಂದಿರು ಬರ್ತಾರೆ! ಎಲ್ಲರ ಮೋರಿಯೂ ಅಷ್ಟು ಜಾರ್ತದಾ?"

ಪರದೆ ಎಳೆದರು. ನಾನು ಎದ್ದರೆ ಕಾಕಾ "ನೀ ಇರು" ಎಂದರು.

"ಅಜ್ಜ, ನಿಮಗೆ ಯಾರು ಹೊಡೆದದ್ದು?"

ಕಾಕಾ ತೋಳನ್ನು ಮಡಿಲಿಗೆ ಎಳೆದುಕೊಂಡರು. "ಮಗ. ಕುಡದ ಬಂದಾಗ ಹೊಡೀತಾನ. ಗಂಡಸಾಗಿ ಹೆಂಗ ಹೇಳ್ಲಿ? ಮಂದಿ ನಗ್ತಾರ."

"ನಾನು ನಗಲಿಲ್ಲ ಅಲ್ವಾ? ಜ್ವರ ಬಂದ್ರೆ ಹೇಳ್ತೀರಿ. ಇದನ್ನೂ ಹಾಗೇ ಹೇಳ್ಬೇಕು. ಇನ್ನು ಮನೆಮನೆಗೆ ಬಂದಾಗ ಅಜ್ಜಂದಿರನ್ನೂ ಕೇಳ್ತೇವೆ. ಈಗ ಇವತ್ತು ಮಲಗುವುದೆಲ್ಲಿ?"

"ನಮ್ಮಲ್ಲೇ" ಎಂದೆ.

ಸಂಜೆ ಕಾಕಾನ ಮಗ ಬಂದು ನಮ್ಮ ಹೊಸ್ತಿಲಲ್ಲಿ ನಿಂತ. ಕುಡಿದಿರಲಿಲ್ಲ. "ಅಪ್ಪಾ, ನಡಿ ಮನಿಗೆ. ಮಂದಿ ಏನಂದಾರು?"

ನನ್ನ ಗಂಡ ಎದ್ದು ಅಡ್ಡ ನಿಂತರು. ಕಾಕಾ ಕುಳಿತಲ್ಲಿಂದಲೇ, "ಮಂದಿಗೆ ನಾನ ಹೇಳೀನಿ. ಕುಡಿಯೂದು ಬಿಟ್ಟ ಮ್ಯಾಲ ಬಾ, ಮಾತಾಡೂಣು" ಎಂದರು. ಅವನು ತಲೆ ಕೆಳಗೆ ಹಾಕಿ ಹೋದ.

ಸುದ್ದಿ ಮುಟ್ಟಿ ಕಾಕಾನ ಮಗಳು ಓಡಿಬಂದು, ತನ್ನ ಮನೆಗೆ ಕರೆದಳು. "ಮಗಳ ಮನಿ ಅನ್ನ ತಿಂದು ಹೆಂಗ ಇರ್ಲಿ?" ಎಂದು ಕಾಕಾ ಹಟ ಹಿಡಿದರು.

"ಹಾಂಗಂತ ಇಲ್ಲಿ ಒದಿ ತಿಂತ ಕೂಡ್ತೀಯೇನಪಾ?" ಎಂದು ಅವರ ಗಂಟು ಎತ್ತಿಕೊಂಡೇಬಿಟ್ಟಳು. ಕಾಕಾ ನಕ್ಕರು. ಅವರು ನಕ್ಕದ್ದನ್ನು ಆಗಲೇ ನಾನು ಮೊದಲು ನೋಡಿದ್ದು.

ನನ್ನ ಗಂಡ ಇಬ್ಬರನ್ನೂ ರೈಲುಗಾಡಿ ಹತ್ತಿಸಿ ಬಂದರು. ಅಂದು ನಾನು ಚಾಳಿಗೆಲ್ಲ ಸಿಹಿ ಸಜ್ಜಕ ಮಾಡಿ ಹಂಚಿದೆ. ಏನು ವಿಶೇಷ ಎಂದವರಿಗೆ, ಕಾಕಾ ಬದಲಾಪುರಕ್ಕೆ ಹೋದರು ಎಂದು ಕೂಗಿ ಹೇಳಿದೆ.